ಬದುವಿನಲ್ಲಿ ಹೂತಿಟ್ಟ ಅಂಡಾಶಯ

ನನ್ನ ಎಡ ಅಂಡಾಶಯ ಎರಡು ವಾರಕ್ಕೂ ಮೇಲೆ ಕಳ್ಳಕವಟಗಿಯ ಹೊಲವೊಂದರ ಬದುವಿನಲ್ಲಿ, ಬನ್ನಿ ಗಿಡದ ಬುಡದಲ್ಲಿ ಹೂತಿತ್ತು. ಇದನ್ನು ಕೇಳಿದವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ನಗುತ್ತಾರೆ. ಅವರು ನಗುವುದು ನನ್ನ ಆಯಿಯನ್ನು, ಅಂದರೆ ನನ್ನ ತಾಯಿಯ ತಾಯಿಯನ್ನು ನೆನೆದು. ಆ ನಗು ತಪ್ಪು ಮನೆಯ ಬಾಗಿಲು ಬಡಿಯುತ್ತಿದೆ ಎಂದು ಹೇಳಲಿಕ್ಕಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಒಂದು ಕಾರಣವಿದೆ. ಯಾವುದೋ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಿಬ್ಬೊಟ್ಟೆ ಒತ್ತಿಹಿಡಿದು, ಯಾರಿಗೂ ಏನೂ ಹೇಳಲಾಗದೆ ಕುಳಿತ ಹುಡುಗಿಯೊಬ್ಬಳು ಇದನ್ನು ಓದಿದರೆ, ಆ ಬೆಂಚಿನ ಮೇಲೆ ತನಗಿಂತ ಮುಂಚೆಯೂ ಒಬ್ಬಳು ಕುಳಿತಿದ್ದಳೆಂದು ಅವಳಿಗೆ ತಿಳಿಯಲಿ.

ನಾನು ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ವಿಜಯಪುರದ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಮನೆ ಬಬಲೇಶ್ವರದಲ್ಲಿ. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತರು, ಅವ್ವ ಅಂಗನವಾಡಿ ಕಾರ್ಯಕರ್ತೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನನಗೆ ಹೊಟ್ಟೆಯ ಎಡಬದಿಯಲ್ಲಿ ನೋವು ಶುರುವಾದಾಗ ಅದಕ್ಕೆ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. ಹೆಣ್ಣಿನ ಹೊಕ್ಕುಳ ಕೆಳಗಿನ ಎಲ್ಲ ನೋವಿಗೂ ನಮ್ಮಲ್ಲಿ ಒಂದೇ ಹೆಸರಿದೆ, ಮುಟ್ಟಿನ ನೋವು. ಮದ್ದೂ ಒಂದೇ, ಮದುವೆ. ಅವ್ವನ ಜೊತೆ ಕೆಲಸ ಮಾಡುವ ಹೆಂಗಸರು ಅದನ್ನೇ ಹೇಳಿ ಸಮಾಧಾನ ಮಾಡಿದರು. ಚೂಡಿದಾರದ ಲಾಡಿ ಬಿಗಿಯಾಗತೊಡಗಿದಾಗ, ಪಗಾರ ಬರುವ ಹುಡುಗಿಯರು ದಪ್ಪಗಾಗುವುದು ಸಹಜವೆಂದು ಚೇಷ್ಟೆ ಮಾಡಿದರು. ನಾನೂ ನಕ್ಕೆ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡೆ.

ಒಂದು ಮಧ್ಯಾಹ್ನ ಪಾಠದ ನಡುವೆ ಆ ನೋವು ನನ್ನನ್ನು ಮಡಚಿ ನೆಲಕ್ಕೆ ಕೂರಿಸಿತು. ಸಹೋದ್ಯೋಗಿಗಳು ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಚೀಟಿ ಮಾಡಿಸುವ ಕಿಟಕಿಯಲ್ಲಿ ನನ್ನ ಹೆಸರಿನ ನಂತರ ಕೇಳಿದ ಮೊದಲ ಪ್ರಶ್ನೆ, "ಮದುವಿ ಆಗೇತೇನ್ರಿ?" ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅದೇ ಪ್ರಶ್ನೆ, ಒಳಗೆ ಮತ್ತೆ ಅದೇ ಪ್ರಶ್ನೆ. ಎಲ್ಲಿ ನೋಯುತ್ತದೆ ಎಂದು ಕೇಳುವ ಸರದಿ ಆಮೇಲೆ ಬಂತು. ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ತುಂಬು ಬಸುರಿಯೊಬ್ಬಳು ನನ್ನ ಮುಖ ನೋಡಿ, "ಎಷ್ಟ ತಿಂಗಳಾ?" ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಮುಂದೆ ಕೇಳಲಿಲ್ಲ. ತನ್ನ ಸೆರಗಿನ ಗಂಟು ಬಿಚ್ಚಿ ನಾಲ್ಕು ಒಣದ್ರಾಕ್ಷಿಯನ್ನು ನನ್ನ ಅಂಗೈಯಲ್ಲಿಟ್ಟಳು. ಈಗ ತಿನ್ನಬೇಡ, ಒಳಗೆ ಹೋಗಿ ಬಂದ ಮೇಲೆ ತಿನ್ನು ಎಂದಳು. ಆ ದಿನ ಆ ಕಟ್ಟಡದೊಳಗೆ ನನಗೆ ಯಾರಾದರೂ ಒಂದು ಮಾತನ್ನು ಪೂರ್ತಿ ಹೇಳಿದ್ದರೆ ಅದು ಅವಳೊಬ್ಬಳೇ.

ಎಡ ಅಂಡಾಶಯದಲ್ಲಿ ಬೆಳೆದ ಗಡ್ಡೆಯೊಂದು ತನ್ನ ಭಾರಕ್ಕೆ ತಾನೇ ತಿರುಚಿಕೊಂಡು, ರಕ್ತ ಬರುವ ದಾರಿಯನ್ನು ಕಟ್ಟಿಬಿಟ್ಟಿತ್ತು. ಅಂದೇ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಬಬಲೇಶ್ವರದಿಂದ ಅಪ್ಪ, ಅವ್ವ ಬಂದರು. ತನ್ನೂರು ಕಳ್ಳಕವಟಗಿಯಿಂದ ಟಿಕೋಟದ ಮೇಲೆ ಹಾದು ಆಯಿ ಬಂದಳು. ಅಪ್ಪ ವೈದ್ಯರ ಮಾತು ಕೇಳಿ ಹೊರಗೆ ಬಂದವರೇ ಮಾಡಿದ ಮೊದಲ ಕೆಲಸ, ಊರಿಗೆಲ್ಲ ಹೇಳಲು ಒಂದು ಸುಳ್ಳನ್ನು ಸಿದ್ಧಪಡಿಸಿದ್ದು.

"ಯಾರ ಕೇಳಿದ್ರೂ ಅಪೆಂಡಿಕ್ಸ್ ಅಂತ ಹೇಳ್ರಿ. ಬ್ಯಾರೆ ಏನೂ ಬಾಯಿ ಬಿಡಬ್ಯಾಡ್ರಿ. ನಾಳೆ ಈಕೀನ ನೋಡಾಕ ಬರೋ ಮಂದಿ ಐತಿ."

ಅವರು ಕೆಟ್ಟವರಲ್ಲ. ಮಗಳ ಜೀವಕ್ಕೆ ಹೆದರಿದ ಮನುಷ್ಯ ಅದೇ ಉಸಿರಿನಲ್ಲಿ ಮಗಳ ಮದುವೆಗೂ ಹೆದರಬೇಕಾದ ಏರ್ಪಾಡೊಂದನ್ನು ನಾವು ಕಟ್ಟಿಕೊಂಡಿದ್ದೇವೆ. ಅಪ್ಪ ಅದರೊಳಗಿದ್ದರು. ಆದರೆ ಆ ಸುಳ್ಳಿಗೂ ಒಂದು ಬೆಲೆ ಇತ್ತು. ನನ್ನ ಹೊಟ್ಟೆಯಿಂದ ತೆಗೆದದ್ದರ ಬಗ್ಗೆ ಆ ವರಾಂಡದಲ್ಲಿ ಯಾರೂ ದನಿ ಎತ್ತಿ ಕೇಳಲಾರದಂತಾಯಿತು.

ಮುಂದೆ ನಡೆದದ್ದನ್ನು ನಾನು ನೋಡಿಲ್ಲ; ಆಮೇಲೆ ಒಬ್ಬೊಬ್ಬರಿಂದ ಕೇಳಿ ಜೋಡಿಸಿದ್ದು. ಗಡ್ಡೆ ದೊಡ್ಡದಿತ್ತು, ಅಂಡಾಶಯ ಕಪ್ಪಾಗಿತ್ತು, ಎರಡನ್ನೂ ಒಟ್ಟಿಗೇ ತೆಗೆಯಬೇಕಾಯಿತು. ಅಪ್ಪ ಔಷಧಿ ಅಂಗಡಿಗೆ ಹೋಗಿದ್ದರು. ಅವ್ವನನ್ನು ನನ್ನ ಬಳಿ ಒಳಗೆ ಕರೆದಿದ್ದರು. ಹೊರಗೆ ಬೆಂಚಿನ ಮೇಲೆ ಆಯಿ ಒಬ್ಬಳೇ. ನರ್ಸೊಬ್ಬಳು ಬಾಗಿಲು ತೆರೆದು ನನ್ನ ಹೆಸರು ಕೂಗಿ, ಯಾರ ಕಡೆಯವರೆಂದು ಕೇಳಿ, ಆಯಿಯ ಕೈಗೆ ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನೂ ಕೊಟ್ಟಳು. ಡಬ್ಬಿಯಲ್ಲಿ ಘಾಟು ನೀರು, ನೀರಿನಲ್ಲಿ ನಾನು.

ಏನಿದು ಎಂದು ಆಯಿ ಕೇಳಿದಳಂತೆ. ಹುಡುಗಿಯ ಹೊಟ್ಟೆಯೊಳಗಿನದು, ಮನೆಯವರಿಗೆ ಕೊಡುವುದು, ಮುಚ್ಚಳ ಮಾತ್ರ ತೆಗೆಯಬಾರದು, ಚೆಲ್ಲಬಾರದು ಎಂದು ನರ್ಸು ಹೇಳಿ ಒಳಗೆ ಹೋದಳು. ಒಳಗೆ ಬೇರೊಬ್ಬಳ ಹೆರಿಗೆ ನಡೆದಿತ್ತು. ಅಷ್ಟೇ. ಅದನ್ನು ಸ್ಟೇಷನ್ ರಸ್ತೆಯ ಲ್ಯಾಬಿಗೆ ಒಯ್ಯಬೇಕು, ಅಲ್ಲಿ ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಮೊಮ್ಮಗಳ ಮುಂದಿನ ಬದುಕು ಅದರ ಮೇಲೆ ನಿಂತಿದೆ ಎಂಬುದೆಲ್ಲ ಆಯಿಗೆ ಓದಲು ಬಾರದ ಆ ಚೀಟಿಯಲ್ಲಿತ್ತು. ನನ್ನ ಅಂಗವನ್ನು ಕತ್ತರಿಸುವ ಮುನ್ನ ಅಪ್ಪನಿಂದ ಕಂಡ ಕಂಡಲ್ಲಿ ಸಹಿ ಹಾಕಿಸಿಕೊಂಡ ಆಸ್ಪತ್ರೆ, ಅದನ್ನು ನಮ್ಮ ಕೈಗೆ ಕೊಡುವಾಗ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ.

ಆಯಿ ಏನು ಮಾಡಬೇಕಿತ್ತು? ಅವಳು ತನ್ನ ಮಗಳಂದಿರ, ಸೊಸೆಯರ ಹೆರಿಗೆ ಮಾಡಿಸಿಕೊಂಡು ಬಂದವಳು. ಪ್ರತಿ ಸಲವೂ ಆಸ್ಪತ್ರೆಯವರು ಮಗುವಿನ ಹಿಂದೆ ಬೀಳುವ ಮಾಸನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿ ಅವಳ ಕೈಗೇ ಕೊಟ್ಟಿದ್ದರು, ಒಯ್ದು ಹೂಳಿರೆಂದು. ಹೊಲದ ಬದುವಿನ ಬನ್ನಿ ಗಿಡದ ಬುಡದಲ್ಲಿ ಅವಳು ಅದನ್ನು ಅರಿಷಿಣ ಹಚ್ಚಿ, ನಾಯಿ ಮುಟ್ಟದಂತೆ ಮೇಲೆ ಕಲ್ಲಿಟ್ಟು ಹೂಳುತ್ತಿದ್ದಳು. ಹೆಣ್ಣಿನ ಹೊಟ್ಟೆಯಿಂದ ಬಂದದ್ದು, ಆಸ್ಪತ್ರೆಯವರು ಕೈಗೆ ಕೊಟ್ಟದ್ದು ಮಣ್ಣಿಗೆ ಸೇರಬೇಕೆಂಬುದು ಆಯಿಯ ಮೂಢನಂಬಿಕೆಯಲ್ಲ, ಆಸ್ಪತ್ರೆಗಳೇ ಅವಳಿಗೆ ವರ್ಷಗಟ್ಟಲೆ ಕಲಿಸಿದ ಪಾಠ. ಮೇಲಾಗಿ ನಾನು ಮದುವೆಯಾಗದವಳು. ಅದು ಯಾರ ಕಣ್ಣಿಗೂ ಬೀಳಬಾರದು, ಯಾರ ಕೈಗೂ ಸಿಗಬಾರದು. ಎಮ್ಮೆ ಹಿಂಡುವ ಹೊತ್ತಾಯಿತೆಂದು ಅವ್ವನಿಗೆ ಹೇಳಿ, ಡಬ್ಬಿಯನ್ನು ಕೈಚೀಲದಲ್ಲಿ ಮಡಚಿದ ಸೀರೆಯೊಳಗೆ ಇಟ್ಟುಕೊಂಡು ಆಯಿ ಆ ಸಂಜೆಯೇ ಟಿಕೋಟದ ಬಸ್ಸು ಹತ್ತಿದಳು. ಮರುದಿನ ಮೊಸರು, ಖಡಕ್ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಹಾಸಿಗೆಯ ಪಕ್ಕ ಕುಳಿತು, ಏನೂ ಆಗದವಳಂತೆ ನನ್ನ ಕಾಲು ಒತ್ತಿದಳು.

ಮನೆಗೆ ಬಂದ ಮೇಲಿನ ದಿನಗಳು ಅಪೆಂಡಿಕ್ಸಿನ ದಿನಗಳು. ನೋಡಲು ಬಂದವರೆಲ್ಲ ಎಳನೀರು ತಂದರು, ತಮ್ಮ ತಮ್ಮ ಬಳಗದ ಅಪೆಂಡಿಕ್ಸಿನ ಕಥೆ ಹೇಳಿದರು. ಪಕ್ಕದ ಮನೆಯ ಹಿರಿಯರೊಬ್ಬರು ಅಪೆಂಡಿಕ್ಸ್ ಬಲಗಡೆ ಇರುತ್ತದಲ್ಲ, ನೀನು ಎಡಗಡೆ ಯಾಕೆ ಕೈ ಇಟ್ಟುಕೊಳ್ಳುತ್ತೀ ಎಂದು ಕೇಳಿದಾಗ ಅಪ್ಪ ಗಡಿಬಿಡಿಯಿಂದ ಚಹಾ ತರಲು ಎದ್ದರು. ನಕ್ಕರೆ ಹೊಲಿಗೆ ನೋಯುತ್ತಿತ್ತು. ಆದರೂ ನಾನು, ಅವ್ವ ಒಬ್ಬರನ್ನೊಬ್ಬರು ನೋಡದೆ ನಕ್ಕೆವು.

ನಗು ನಿಂತದ್ದು ಅಪ್ಪ, ಅವ್ವನ ಜೊತೆ ಮತ್ತೆ ವೈದ್ಯರನ್ನು ಕಾಣಲು ಹೋದ ದಿನ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಹೊಲಿಗೆ ನೋಡಿ ಸರಿಯಿದೆ ಎಂದರು, ನಂತರ ಅಪ್ಪನ ಮುಂದೆ ಕೈ ಚಾಚಿ ಗಡ್ಡೆಯ ಪರೀಕ್ಷೆಯ ವರದಿ ಕೇಳಿದರು. ಅಪ್ಪ ಕಕ್ಕಾಬಿಕ್ಕಿಯಾದರು. ಅದು ಆಸ್ಪತ್ರೆಯವರೇ ಕಳಿಸಿರುತ್ತಾರೆಂದು ನಾವು ತಿಳಿದಿದ್ದೆವು. ನಾವು ಒಯ್ದಿರುತ್ತೇವೆಂದು ಆಸ್ಪತ್ರೆ ತಿಳಿದಿತ್ತು. ನರ್ಸನ್ನು ಕರೆಸಿದರು. ಅವಳು ನೆನಪಿಸಿಕೊಂಡು, ಅಜ್ಜಿಯ ಕೈಗೆ ಕೊಟ್ಟಿದ್ದೆ ಎಂದಳು.

ವೈದ್ಯೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು. ಅವರು ಮೆತ್ತಗೆ ಹೇಳಿದರು: ಗಡ್ಡೆಯೊಳಗೆ ಅಲ್ಲಲ್ಲಿ ಗಟ್ಟಿ ಭಾಗಗಳಿದ್ದವು, ಅದು ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು, ತುಣುಕು ಇಲ್ಲದೆ ಹೇಳಲಾಗದು. ರಕ್ತ ಪರೀಕ್ಷೆ ಮಾಡಿಸಿದರು. ಅದು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆಗ ಅವರು ಅಪ್ಪನ ಕಡೆ ತಿರುಗಿದರು.

"ನೋಡ್ರಿ, ರಿಸ್ಕ್ ಯಾಕ ತಗೋತೀರಿ? ಗರ್ಭಕೋಶ, ಉಳಿದದ್ದೊಂದು ಓವರಿ, ಎಲ್ಲಾ ತಗದಬಿಡೋಣು. ಚಿಂತಿನ ಇರಂಗಿಲ್ಲ."

ನಾನು ಅಲ್ಲೇ, ಮೊಣಕೈ ದೂರದಲ್ಲಿ ಕುಳಿತಿದ್ದೆ. ನನ್ನ ವಯಸ್ಸು ಇಪ್ಪತ್ತಾರು. ನನ್ನ ಗರ್ಭಕೋಶದ ಮಾತು ನನ್ನ ತಲೆಯ ಮೇಲಿಂದ ಹಾದು ಅಪ್ಪನನ್ನು ತಲುಪಿತು, ಅಪ್ಪ ಒಪ್ಪಿ ತಲೆಯಾಡಿಸಿದರು. ಮುಂದಿನ ವಾರ ಬನ್ನಿ ಎಂದು ವೈದ್ಯೆ ಹೇಳಿದರು. ತಮ್ಮ ಕೈಯಿಂದ ಜಾರಿದ್ದಕ್ಕೆ ಆಸ್ಪತ್ರೆ ಕಂಡುಕೊಂಡ ಪರಿಹಾರ ನನ್ನಿಂದ ಇನ್ನಷ್ಟನ್ನು ತೆಗೆಯುವುದು. ತಪ್ಪು ಯಾರದೋ, ಅದರ ದಂಡ ಹೆಣ್ಣಿನ ದೇಹ ಕಟ್ಟುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆಯೆಂದರೆ, ಆ ಕೋಣೆಯಲ್ಲಿ ನನ್ನ ಹೊರತು ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಬಬಲೇಶ್ವರದ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕುಳಿತಳು. ಕಿಟಕಿಯ ಹೊರಗೆ ನೋಡುತ್ತ, "ನನ್ನದೂ ತಗದಾರಲ್ಲ. ನಾ ಬದುಕಿಲ್ಲೇನು?" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅವ್ವನ ಗರ್ಭಚೀಲ ತೆಗೆದಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅವಳು ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು, ಚೀಲ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದಿದ್ದರು. ಸೊಂಟ ಇವತ್ತಿಗೂ ನೋಯುತ್ತದೆ. ಯಾಕೆ ತೆಗೆದರು, ಏನು ಕಾಯಿಲೆ ಇತ್ತು ಎಂದು ಕೇಳಿದೆ. ಅವ್ವನಿಗೆ ಗೊತ್ತಿರಲಿಲ್ಲ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ಟ್ರೇದಾಗ ಇಟ್ಟು ನಿಮ್ಮಪ್ಪಗ ತೋರ್ಸಿದ್ರಂತ. ನನಗ ಯಾರ ತೋರಸ್ತಾರ?"

ಇದು ನಮ್ಮ ಕಡೆಯ ಪದ್ಧತಿ. ತೆಗೆದದ್ದನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಗಂಡನಿಗೋ ತಂದೆಗೋ ತೋರಿಸುತ್ತಾರೆ, ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿ. ಮೋಟರಿನ ಸವೆದ ಭಾಗವನ್ನು ಮೆಕ್ಯಾನಿಕ್ ತೋರಿಸುವಂತೆ. ನಮ್ಮ ಓಣಿಯಲ್ಲಿ, ಅವ್ವನ ಅಂಗನವಾಡಿಗೆ ಬರುವ ತಾಯಂದಿರಲ್ಲಿ ಚೀಲ ತೆಗೆಸಿಕೊಂಡವರು ಬಹಳ. ಅವರಲ್ಲಿ ಎಷ್ಟು ಜನರಿಗೆ ಕಾರಣ ಗೊತ್ತು? ಈ ಪ್ರಶ್ನೆಯನ್ನು ನಾನು ಅಧ್ಯಯನದ ವಿಷಯವಾಗಿ ಕೇಳಬಹುದಿತ್ತು. ಆ ಬಸ್ಸಿನಲ್ಲಿ ಮಾತ್ರ ಅದು ನನ್ನ ಅವ್ವನ ಮಡಿಲಲ್ಲಿ ಕುಳಿತಿತ್ತು, ಮುಂದಿನ ವಾರ ನನ್ನ ಮಡಿಲಿಗೆ ಬರುವುದಿತ್ತು.

ಮನೆಯಲ್ಲಿ ಆಯಿ ನನಗಾಗಿ ಕಾಯುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವ ಮೊದಲೇ ಆ ಡಬ್ಬಿ ಎಲ್ಲಿ ಎಂದು ಕೇಳಿದರು. ಆಯಿ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೇನಾದರೂ ಮಾಡಿದ್ದೇನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

"ಮಣ್ಣಿಗಿ ಕೊಟ್ಟೇನಿ. ಬನ್ನಿ ಗಿಡದ ಬುಡಕ."

ಅಪ್ಪ ಗೋಡೆಗೆ ಒರಗಿ ಕುಳಿತರು. ಅತ್ತೆಯ ಮುಂದೆ ಎಂದೂ ದನಿ ಏರಿಸದ ಮನುಷ್ಯ ಅಂದು ಏರಿಸಿದರು. ಓದಿದವರನ್ನು ಒಂದು ಮಾತು ಕೇಳಬಾರದಿತ್ತೇ ಎಂದರು. ಅವ್ವ ಅಳುತ್ತ, "ಯವ್ವಾ, ಏನ ಮಾಡಿದಿಬೇ" ಎಂದಳು. ಆಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳ ಮುಖದಲ್ಲಿ ಮೆಲ್ಲಗೆ ಮೂಡಿದ ಭಯವನ್ನು ನಾನು ಮರೆಯಲಾರೆ. ತಾನು ಮೊಮ್ಮಗಳಿಗೆ ಏನೋ ಕೇಡು ಮಾಡಿದ್ದೇನೆ ಎಂಬುದಷ್ಟೇ ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

ನಾನು ಅವಳ ಪಕ್ಕ ಕುಳಿತು, ಡಬ್ಬಿಯ ಮುಚ್ಚಳ ತೆಗೆದು ಹೂತೆಯಾ ಎಂದು ಕೇಳಿದೆ. ಆಯಿಗೆ ಸಿಟ್ಟೇ ಬಂತು.

"ನರ್ಸಬಾಯಿ ತೆಗೀಬ್ಯಾಡ ಅಂದಿದ್ಲು. ನಾ ಯಾಕ ತೆಗೀಲಿ? ಹೆಂಗ ಕೊಟ್ಟಿದ್ಲು ಹಂಗ ಇಟ್ಟೇನಿ."

ಅವಳಿಗೆ ಹೇಳಿದ್ದು ಅದೊಂದೇ ಮಾತು, ಅದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ನಾನು ಸ್ಟೇಷನ್ ರಸ್ತೆಯ ಆ ಲ್ಯಾಬಿನ ವೈದ್ಯರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಬನ್ನಿ ಗಿಡವನ್ನೂ. ಎಷ್ಟು ದಿನವಾಯಿತೆಂದು ಕೇಳಿಕೊಂಡರು. ನಂತರ ಅವರು, ಮುಚ್ಚಳ ಬಿಗಿಯಾಗಿದ್ದು ದ್ರಾವಣ ಸೋರದೆ ಇದ್ದರೆ ಒಳಗಿನದು ಕೆಟ್ಟಿರಲಿಕ್ಕಿಲ್ಲ, ತಂದು ನೋಡಿ ಎಂದರು.

ಆದರೆ ಆಯಿ ಒಪ್ಪಲಿಲ್ಲ. ಹೂತದ್ದನ್ನು ಕೀಳುವುದೆಂದರೆ ಅವಳ ಪಾಲಿಗೆ ಹೆಣ ಹೊರಗೆ ತೆಗೆದಂತೆ. ಅದರಿಂದ ನನಗೇ ಕೆಡುಕಾಗುತ್ತದೆ ಎಂಬುದು ಅವಳ ಹೆದರಿಕೆ, ನನ್ನ ಮೇಲಿನ ಪ್ರೀತಿಯೇ ಅವಳ ಹಟ. ನನ್ನ ಓದಿನ ಯಾವ ವಾದವೂ ಅಲ್ಲಿ ನಡೆಯಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ವೈದ್ಯೆ ಅಪ್ಪನಿಗೆ ಹೇಳಿದ್ದನ್ನು ನಾನು ಅವಳಿಗೂ ಇದ್ದಂತೆಯೇ ಹೇಳಿದೆ.

"ಆಯಿ, ಅದನ್ನ ತೆಗೀಲಿಲ್ಲಂದ್ರ ಮುಂದಿನ ವಾರ ನನ್ನ ಹೊಟ್ಟ್ಯಾಗ ಉಳದದ್ದೂ ತೆಗೀತಾರ. ಅದನ್ನೂ ನೀನ ಹೂಳಬೇಕಾಗತೈತಿ."

ಆಯಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮರುದಿನ ಬೆಳಿಗ್ಗೆ ಕಳ್ಳಕವಟಗಿಯಲ್ಲಿ ದ್ರಾಕ್ಷಿ ತೋಟ ದಾಟಿ ಬದುವಿನ ಮೇಲೆ ನಡೆದೆವು. ನನಗೆ ಹೊಲಿಗೆ ಎಳೆಯುತ್ತಿತ್ತು, ಅವ್ವ ತೋಳು ಹಿಡಿದಿದ್ದಳು. ಸೋದರಮಾವ ಗುದ್ದಲಿ ಹಿಡಿದು ಬಂದಿದ್ದ. ಅವನಿಗೆ ಅಂದೇ ಅದು ಅಪೆಂಡಿಕ್ಸ್ ಅಲ್ಲವೆಂದು ಗೊತ್ತಾದದ್ದು. ಅಗೆಯಲು ಬಾಗಿದವನ ಕೈಯಿಂದ ಆಯಿ ಗುದ್ದಲಿ ಕಸಿದುಕೊಂಡಳು.

"ಸರಿಯೋ. ಹೂತಾಕಿ ನಾನು, ತೆಗಿಯಾಕಿನೂ ನಾನ."

ಮೇಲಿನ ಕಲ್ಲು ಸರಿಸಿ, ಮಣ್ಣನ್ನು ಮೊದಲು ಗುದ್ದಲಿಯಿಂದ, ಆಮೇಲೆ ಕೈಯಿಂದ ತೋಡಿದಳು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು ಬಂತು. ಬಿಚ್ಚಿದಾಗ ಒಳಗೆ ಅರಿಷಿಣ, ಹಿಡಿ ಜೋಳ, ನಡುವೆ ಡಬ್ಬಿ. ಡಬ್ಬಿಯ ಮೇಲೆ ನನ್ನ ಹೆಸರಿನ ಪಟ್ಟಿ ಒದ್ದೆಯಾಗಿತ್ತು, ಅಳಿಸಿರಲಿಲ್ಲ. ಮುಚ್ಚಳ ಬಿಗಿಯಾಗಿತ್ತು.

ಆಗ ನಾನು ಅದನ್ನು ಮೊದಲ ಸಲ ನೋಡಿದೆ. ಮುಷ್ಟಿಗಿಂತ ದೊಡ್ಡದು, ಕಂದು ಬಣ್ಣಕ್ಕೆ ತಿರುಗಿದ್ದು, ಒಂದು ಬದಿ ನುಣುಪು, ಇನ್ನೊಂದು ಬದಿ ಗಂಟುಗಂಟು. ಹೇಸಿಗೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಬೇರೆಯವರೆಲ್ಲ ನೋಡಿ ಮುಗಿಸಿದ ಮೇಲಾದರೂ ನನಗೆ ನನ್ನದನ್ನು ನೋಡುವ ಅವಕಾಶ ಸಿಕ್ಕಿತೆಂದು ಅನ್ನಿಸಿತು. ಅವ್ವ ನನ್ನ ಭುಜದ ಮೇಲಿಂದ ಬಾಗಿ ಬಹಳ ಹೊತ್ತು ನೋಡಿದಳು. ಅವಳು ನೋಡುತ್ತಿದ್ದದ್ದು ನನ್ನದನ್ನೊಂದೇ ಅಲ್ಲವೆಂದು ನನಗೆ ಗೊತ್ತಿತ್ತು.

ಸ್ಟೇಷನ್ ರಸ್ತೆಯಲ್ಲಿ, ಅಂಗಡಿಗಳ ಮೇಲಿನ ಮಹಡಿಯ ಲ್ಯಾಬಿನಲ್ಲಿ ಆ ವೈದ್ಯರು ಡಬ್ಬಿಯನ್ನು ಬೆಳಕಿಗೆ ಹಿಡಿದರು. ಅಂಚಿಗೆ ಅಂಟಿದ್ದ ಕಪ್ಪು ಮಣ್ಣನ್ನು ನೋಡಿದರು, ನಗಲಿಲ್ಲ. ಆಯಿ ಬಾಗಿಲಲ್ಲೇ ನಿಂತಿದ್ದಳು. ಮುಚ್ಚಳ ತೆಗೆಯದೆ ಇಟ್ಟದ್ದು ಒಳ್ಳೆಯದಾಯಿತೆಂದು ಅವಳಿಗೇ ಕೇಳುವಂತೆ ಹೇಳಿದರು. ಹಿಂದಿನ ದಿನದಿಂದ ಎಲ್ಲರ ಬೈಗುಳ ತಿಂದಿದ್ದ ಆಯಿ ಆ ಮಾತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ವಾರದ ಶಸ್ತ್ರಚಿಕಿತ್ಸೆಗೆ ನಾನು ಬರುವುದಿಲ್ಲ ಎಂದು ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ವರದಿ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೆಂದು ಬರೆಯಲು ಹೋಗುವುದಿಲ್ಲ. ಅವನ್ನು ಕಳೆದವರಿಗೆ ಗೊತ್ತಿರುತ್ತದೆ. ಅಪ್ಪ ದಿನಪತ್ರಿಕೆಯ ಒಂದೇ ಪುಟವನ್ನು ಮುಂಜಾನೆಯೆಲ್ಲ ಹಿಡಿದು ಕೂರುತ್ತಿದ್ದರು. ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ಯಾರೂ ಹೇಳದೆ ಉಣ್ಣುತ್ತಿದ್ದೆವು.

ವರದಿ ಬಂದ ದಿನ ಲ್ಯಾಬಿನ ವೈದ್ಯರಿಗೆ, ನಾನೂ ನೋಡಬೇಕೆಂದು ಹೇಳಿದೆ. ಅವರು ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಸರಿಸಿಕೊಟ್ಟರು. ಗುಲಾಬಿ ಬಣ್ಣದ ಬಯಲಿನಲ್ಲಿ ನೇರಳೆ ಚುಕ್ಕೆಗಳ ಸಾಲು. ಕೌದಿಯ ಹೊಲಿಗೆಯಂತೆ ಒಂದರ ಪಕ್ಕ ಒಂದು, ನೇರವಾಗಿ, ತಾಳ್ಮೆಯಿಂದ ಹೊಲಿದಂತೆ. ಇಷ್ಟು ಅಚ್ಚುಕಟ್ಟಾದದ್ದು ನನ್ನೊಳಗೆ ನನಗೆ ಹೇಳದೆ ನಡೆದಿತ್ತು. ಗಾಜಿನ ಪಟ್ಟಿಯನ್ನು ಅವರು ಸ್ವಲ್ಪ ಸರಿಸಿದರು. ಅಲ್ಲಿ ಹೊಲಿಗೆ ಕೆಟ್ಟು, ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಗುಂಪುಗೂಡಿದ್ದವು.

"ಇಲ್ಲಿ ಗದ್ದಲ ಐತಿ," ಅವರು ಹೇಳಿದರು. "ಆದ್ರ ಒಡ್ಡು ದಾಟಿಲ್ಲ ನೋಡು, ತಂಗಿ. ಬಾಜೂದ ಹೊಲಕ್ಕ ಹೋಗಿಲ್ಲ."

ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಲಾರದು ಎಂದು ಕೈಬಿಡುವಂಥದ್ದೂ ಅಲ್ಲ. ನಡುವಿನದು. ವರದಿಯನ್ನು ದೊಡ್ಡ ಊರಿನ ಕ್ಯಾನ್ಸರ್ ತಜ್ಞೆಯೊಬ್ಬರಿಗೆ ತೋರಿಸಿದೆವು. ಅವರು ನನ್ನನ್ನೇ ನೋಡಿ ಮಾತಾಡಿದರು. ಗಡ್ಡೆ ಇದ್ದದ್ದು ಒಂದೇ ಅಂಡಾಶಯದಲ್ಲಿ, ಅದು ಹೋಗಿದೆ. ಗರ್ಭಕೋಶವನ್ನಾಗಲಿ ಬಲ ಅಂಡಾಶಯವನ್ನಾಗಲಿ ಮುಟ್ಟುವ ಕಾರಣವಿಲ್ಲ. ಆದರೆ ಆರಾರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬಾರದು. ಅಪ್ಪ ಎರಡೆರಡು ಸಲ ಕೇಳಿ ಖಾತ್ರಿಪಡಿಸಿಕೊಂಡರು. ಹೊರಗೆ ಬಂದ ಮೇಲೆ ಫೋನಿನಲ್ಲಿ ಯಾರಿಗೋ, ಮಗಳಿಗೆ ಅಂಡಾಶಯದ ಆಪರೇಷನ್ ಆಗಿತ್ತು, ಈಗ ಆರಾಮಿದ್ದಾಳೆ ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. 'ಅಪೆ...' ಎಂದು ಶುರು ಮಾಡಿ, ನಿಲ್ಲಿಸಿ, ತಿದ್ದಿಕೊಂಡು ಹೇಳಿದ್ದು. ಅದಕ್ಕೆ ಅವರಿಗೆ ಬೇಕಾದ ಧೈರ್ಯ ಎಷ್ಟೆಂದು ನಾನು ಬಲ್ಲೆ.

ಅಂದಿನಿಂದ ನಾನು ಹೀಗೆಯೇ ಬದುಕುತ್ತಿದ್ದೇನೆ. ಸ್ಕ್ಯಾನಿನ ವಾರ ಬಂದಾಗ ನಿದ್ದೆ ಕೆಡುತ್ತದೆ, ವರದಿ ಬಂದಾಗ ಉಂಡ ಅನ್ನಕ್ಕೆ ರುಚಿ ಬರುತ್ತದೆ. ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಕೊಡುತ್ತೇನೆ. ನನ್ನ ಬೇಡಿಕೆ ದೊಡ್ಡದಲ್ಲ. ಹೆಣ್ಣಿನ ದೇಹದಿಂದ ತೆಗೆದ ಯಾವುದೇ ಅಂಗವನ್ನು ಪರೀಕ್ಷೆಗೆ ಮುಟ್ಟಿಸುವ ಹೊಣೆ ಅದನ್ನು ತೆಗೆದವರದಾಗಬೇಕು, ವರಾಂಡದ ಬೆಂಚಿನ ಮೇಲೆ ಸಿಕ್ಕವರದಲ್ಲ. ಏನು ತೆಗೆದೆವು, ಯಾಕೆ ತೆಗೆದೆವು ಎಂಬುದನ್ನು ಆ ಹೆಣ್ಣಿಗೇ, ಅವಳ ಮಾತಿನಲ್ಲೇ ಹೇಳಬೇಕು. ಟ್ರೇ ತೋರಿಸುವುದಾದರೆ ಅವಳಿಗೆ ತೋರಿಸಬೇಕು.

ದೂರು ಕೊಟ್ಟ ವಾರ ನಾನು ಆಯಿಯನ್ನು ಕರೆದುಕೊಂಡು ಆ ಆಸ್ಪತ್ರೆಗೆ ಹೋದೆ. ನಮ್ಮ ಸರದಿ ಬರುವವರೆಗೆ ಕಾದು ಒಳಗೆ ಹೋದೆವು. ವೈದ್ಯೆ ವರದಿಯನ್ನು ಓದಿದರು, ಒಳ್ಳೆಯದಾಯಿತು ಎಂದರು, ಅದು ಮನಸ್ಸಿನಿಂದ ಬಂದ ಮಾತೇ ಆಗಿತ್ತು. ನಂತರ ಸ್ವಲ್ಪ ಬಿಗಿಯಾಗಿ, ದೂರು ಕೊಟ್ಟಿದ್ದೀರಂತೆ, ಇನ್ನೇನು ಬೇಕು ಎಂದು ಕೇಳಿದರು. ತುಣುಕನ್ನು ಮನೆಯವರ ಕೈಗೆ ಕೊಡುವುದು ಎಲ್ಲ ಕಡೆ ನಡೆಯುವುದೇ ಎಂದೂ ಸೇರಿಸಿದರು. ಎಲ್ಲ ಕಡೆ ನಡೆಯುತ್ತದೆ ಎಂಬುದೇ ನನ್ನ ದೂರು ಎಂದೆ. ಆದರೆ ಅಂದು ನಾನು ಬಂದದ್ದು ಬೇರೆ ಕೆಲಸಕ್ಕೆ.

"ಆ ಡಬ್ಬ್ಯಾಗ ಏನಿತ್ತು, ಅದನ್ನ ಯಾಕ ಲ್ಯಾಬಿಗೆ ಒಯ್ಯಬೇಕಿತ್ತು, ಇಷ್ಟ ನಮ್ಮ ಆಯಿಗೆ ಹೇಳ್ರಿ. ನಾ ಹೇಳಬಾರದು ಅದನ್ನ. ನೀವ ಹೇಳಬೇಕು."

ಅವರು ಬಾಗಿಲ ಕಡೆ ನೋಡಿದರು, ಹೊರಗೆ ಬಹಳ ಜನ ಕಾಯುತ್ತಿದ್ದರು. ನಾನು ಏಳಲಿಲ್ಲ. ಕೊನೆಗೆ ಅವರು ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದರು. ನಡುವೆ ಚೀಲ, ಎರಡೂ ಬದಿಗೆ ತೋಳಿನಂತೆ ಚಾಚಿದ ನಾಳಗಳು, ಆ ತೋಳುಗಳ ತುದಿಯಲ್ಲಿ ಎರಡು ಅಂಡಾಶಯ. ಎಡದ್ದನ್ನು ಗೀಟು ಎಳೆದು ಹೊಡೆದುಹಾಕಿದರು. ಇದರಲ್ಲಿ ಗಂಟು ಬೆಳೆದಿತ್ತು, ಅದು ಒಳ್ಳೆಯ ಗಂಟೋ ಕೆಟ್ಟ ಗಂಟೋ ಎಂದು ಕಣ್ಣಿಗೆ ಕಾಣುವುದಿಲ್ಲ, ಕೊಯ್ದು ನೋಡಬೇಕು ಎಂದು ಹೇಳಿದರು. ಮೊದಮೊದಲು ಅವಸರದಿಂದ, ಆಮೇಲೆ ನಿಧಾನವಾಗಿ. ಆಯಿ ಮೇಜಿನ ಮೇಲೆ ಬಾಗಿ, ಉಳಿದ ಅಂಡಾಶಯದ ಮೇಲೆ ಬೆರಳಿಟ್ಟಳು.

"ಇದು ಐತಿ?"

"ಐತಿ, ಅಮ್ಮಾ."

"ನಡುವಿನ ಚೀಲ?"

"ಅದೂ ಐತಿ."

ಆಯಿ ಹಾಳೆಯ ಮೇಲಿಂದ ಬೆರಳು ತೆಗೆದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು.

"ಇಷ್ಟ ಅವತ್ತ ಹೇಳಿದ್ರ ನೀವು ಎಲ್ಲಿಗಿ ಅಂದ್ರ ಅಲ್ಲಿಗಿ ನಡಕೊಂತ ಒಯ್ತಿದ್ದೆ, ಡಾಕ್ಟರಬಾಯಿ. ಕೈಯಾಗ ಇಟ್ರಿ, ಕಿವಿಗೆ ಹಾಕಲಿಲ್ಲ."

ವೈದ್ಯೆ ಪೆನ್ನು ಕೆಳಗಿಟ್ಟರು. ಗಂಟೆ ಒತ್ತಿದರು. ಮುಂದಿನ ರೋಗಿಯನ್ನು ಕರೆಯುತ್ತಾರೆಂದು ನಾನು ಎದ್ದೆ, ಆದರೆ ಅವರು ಕರೆಸಿದ್ದು ಅಂದು ಡಬ್ಬಿ ಕೊಟ್ಟಿದ್ದ ನರ್ಸನ್ನು. ಅವಳು ಬಂದು ಬಾಗಿಲ ಬಳಿ ನಿಂತು ಆಯಿಯನ್ನು ಗುರುತಿಸಿ ಮುಖ ತಗ್ಗಿಸಿದಳು.

"ನಾನೂ ಕೇಳಿದೆ, ಅಮ್ಮಾ, ಈಕಿನೂ ಕೇಳಲಿ," ವೈದ್ಯೆ ಹೇಳಿದರು. "ಈಗ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ."

ಆಯಿ ಇನ್ನೊಮ್ಮೆ ಹೇಳಿದಳು. ಈ ಸಲ ಮೊದಲಿನಷ್ಟು ಮೆತ್ತಗೆ ಹೇಳಲಿಲ್ಲ.